ಬೀದಿ ಸರಿಯಿಲ್ಲ ಕಣೇ

ವರ್ಗವಾಗಿ ಬಂದ ಗುಮಾಸ್ತರಿಗೆ ಯಾವ ಬಡಾವಣೆಯೂ ಹಿಡಿಸದೆ ಹೆಂಡತಿಗೆ ಸಾಕುಸಾಕಾಗಿತ್ತು. ಹೋದಲ್ಲೆಲ್ಲ ನಲ್ಲಿ ತಿರುಗಿಸಿ ನೀರು ಮೂಸುವರು, ಗೋಡೆಗೆ ಕಿವಿಯಿಟ್ಟು ಪಕ್ಕದವರ ಜಗಳ ಅಳೆಯುವರು, ಶಾಲೆಯ ಗೇಟಿನವರೆಗೆ ಮಗಳ ಪುಟ್ಟ ಹೆಜ್ಜೆಯಲ್ಲೇ ನಡೆದು ನೋಡುವರು. ಆಮೇಲೆ ಬೀದಿಯ ಮಕ್ಕಳ ಆಟ ನೋಡುತ್ತ ಕಂಬದಂತೆ ನಿಂತು, "ಮನೆಯೇನೋ ಸರಿ, ಬೀದಿ ಸರಿಯಿಲ್ಲ ಕಣೇ" ಎಂದು ರಾಗ ಎಳೆಯುವರು. "ನನ್ನನ್ನ ಒಂದೇ ಸಲ ನೋಡಿ ಒಪ್ಪಿದ್ರಿ, ಮನೆಗ್ಯಾಕ್ರೀ ಇಷ್ಟೊಂದು ಗೋಳು?" ಎಂದು ಅವಳು ರೇಗುವಳು. ಇಂದಿನ ಮನೆಯ ಸೂರು ಸೋರಿ ಕಪ್ಪಿಟ್ಟಿತ್ತು, ಅಡುಗೆಮನೆಯಲ್ಲಿ ಇಬ್ಬರು ನಿಲ್ಲುವಂತಿರಲಿಲ್ಲ. ಅಷ್ಟರಲ್ಲಿ ಬೀದಿಯ ಹುಡುಗಿಯೊಬ್ಬಳು ಮಗಳನ್ನು ಕಂಡು, "ನೀನೂ ಬಾರೇ ಆಟಕ್ಕೆ!" ಎಂದು ಕೂಗಿದಳು. ಗುಮಾಸ್ತರು ಮನೆಯ ಮಾಲೀಕರಲ್ಲಿ ಬೀಗದ ಕೈ ಕೇಳಿದರು. "ಈ ಕೊಂಪೇನಾ?" ಎಂದು ಹೆಂಡತಿ ಹಣೆ ಚಚ್ಚಿಕೊಂಡಳು. ಗುಮಾಸ್ತರು ಹೇಳಿದರು: "ನಮ್ಮಪ್ಪಂಗೆ ಎಷ್ಟು ಸಲ ವರ್ಗ ಆಯ್ತು, ನನ್ನನ್ನ ಯಾರೂ ಹಾಗೆ ಕರೀಲಿಲ್ಲ ಕಣೇ."