ಬಸಲಿಂಗಪ್ಪ ಸರ್ ಕಟ್ಟಿದ ಯೂನಿಕ್ಸ್ ಬಳಗ

ಕಂಪ್ಯೂಟರಿಗೂ ‘ರೀ’ ಹಚ್ಚಿ ಮಾತಾಡಿಸುವ ಮನುಷ್ಯರನ್ನು ನಾನು ಕಂಡದ್ದು ಒಬ್ಬರನ್ನೇ, ಮಕ್ತಲದ ಬಸಲಿಂಗಪ್ಪ ಸರ್. ಅದು ತಡವರಿಸಿ ನಿಂತರೆ, “ಯಾಕ್ರೀ, ಸಿಟ್ಟಾದ್ರೇನು?” ಎಂದು ಅದರ ನೆತ್ತಿ ಸವರುತ್ತಿದ್ದರು. ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಅವರು, ಕಂಪ್ಯೂಟರನ್ನು ನಡೆಸುವ ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ಕಲಿಯುವ ಹೊಸಬರಿಗಾಗಿ ಇಂಟರ್‌ನೆಟ್ಟಿನಲ್ಲಿ ಒಂದು ಬಳಗ ಕಟ್ಟಿದ್ದರು. ನಾರಾಯಣಪೇಟೆ, ಗದ್ವಾಲ, ಹೊಳೆಯಾಚೆಯ ಕರ್ನೂಲು, ಎಲ್ಲ ಕಡೆಯವರೂ ಇದ್ದರು. ಕನ್ನಡವೋ ತೆಲುಗೋ ಉರ್ದುವೋ, ಬಾಯಿಗೆ ಬಂದ ಭಾಷೆಯಲ್ಲಿ ಕೇಳಬಹುದಿತ್ತು.

ನಾನು ನಮ್ಮೂರು ಗುಂಡುಮಾಲಿನಲ್ಲಿ ಕುಳಿತು ಅವರಿಂದ ಫೋನಿನಲ್ಲಿ ಕಲಿಯುತ್ತಿದ್ದೆ. ಯೂನಿಕ್ಸಿನಲ್ಲಿ ಪ್ರತಿಯೊಂದನ್ನೂ ಅಕ್ಷರ ಹೊಡೆದೇ ಹೇಳಬೇಕು. ಫೈಲುಗಳನ್ನು ತೋರಿಸು ಅನ್ನಲು ‘ಎಲ್ ಎಸ್’. “ಈಗ ಎಲ್ ಎಸ್ ರೀ” ಎಂದರು. ನಾನು ಮಹಾಜಾಣೆ, ಆ ‘ರೀ’ಯನ್ನೂ ಸೇರಿಸಿ ಹೊಡೆದೆ! ಅಂಥ ಕಮಾಂಡೇ ಇಲ್ಲ ಎಂದಿತು ಯಂತ್ರ. ಬಳಗಕ್ಕೆ ಬರೆದು ಕೇಳಿದರೆ ನಗೆಯೋ ನಗೆ. ಸರ್ ಬರೆದರು: “ತಪ್ಪು ನಂದೈತ್ರಿ. ಮರ್ಯಾದಿ ತಿಳೀಲಾರದ್ದು ಮಷೀನಿಗೆ, ಈ ತಂಗಿಗಲ್ಲ. ಕೇಳಾಕ ಬಂದವ್ರನ್ನ ನೋಡಿ ನಗಬ್ಯಾಡ್ರಿ.” ಆ ಮಾತಿಲ್ಲದಿದ್ದರೆ ನಾನು ಅಂದೇ ಕಂಪ್ಯೂಟರಿಗೆ ಕೈಮುಗಿದು ಎದ್ದುಬಿಡುತ್ತಿದ್ದೆ.

ತೆಲಂಗಾಣ ಬೇರೆಯಾಗುವ ಮಾತು ಗಟ್ಟಿಯಾದಂತೆ ಬಳಗದಲ್ಲಿ ಯೂನಿಕ್ಸ್ ಹಿಂದೆ ಬಿತ್ತು. ತೆಲಂಗಾಣದ ಕಡೆಯ ಗದ್ವಾಲದವರು ಒಂದಂದರೆ ಆಂಧ್ರದ ಕಡೆಯ ಕರ್ನೂಲಿನವರು ಎರಡಂದರು. ನೀರು ಯಾರದು, ನೌಕರಿ ಯಾರದು ಎಂದು ಕಿತ್ತಾಡಿದರು. ನಾನೂ ಗಂಟಲು ಹರಿಯುವಂತೆ ಜೈ ತೆಲಂಗಾಣ ಅಂದವಳೇ, ಆದರೂ ಎರಡೂ ಕಡೆಯವರ ಬೈಗುಳ ಓದಿ ಮೈ ಉರಿಯುತ್ತಿತ್ತು. ಸರ್ ಮಾತ್ರ ದಿನವೂ ಗೋಗರೆಯುತ್ತಿದ್ದರು: “ಆ ಜಗಳ ಹೊರಗ ಮಾಡ್ರಿ, ನಿಮ್ಮ ಕೈ ಮುಗೀತೀನಿ.” ಯಾರು ಕೇಳಬೇಕು!

ಅಂಥದರ ನಡುವೆ ಹೊಳೆಯೀಚೆಯ ರಾಜೋಳಿಯ ಹೊಸ ಹುಡುಗಿಯೊಬ್ಬಳು ಬರೆದಳು. ಕರ್ನೂಲಿನಲ್ಲಿ ಮೊದಲ ನೌಕರಿ, ಆಫೀಸಿನ ಫೈಲು ತೆರೆಯುತ್ತಿಲ್ಲ. “ಪರ್ಮಿಷನ್ ಇಲ್ಲ ಅಂತೈತ್ರಿ. ಸಂಜೀಕ ಕೊಡದಿದ್ರ ನಾಳಿಂದ ಕೆಲಸಕ್ಕ ಬರಬ್ಯಾಡ ಅಂದಾರ. ಏನ್ ಮಾಡ್ಲಿ?”

ತಕ್ಷಣ ಉತ್ತರ ಬಂತು, ಸರ್ ಅವರದ್ದಲ್ಲ. “ಮೊದ್ಲ ನೀ ಯಾ ಕಡಿಯಾಕಿ ಹೇಳು.”



ಮರುದಿನ ಮಕ್ತಲಕ್ಕೆ ಓಡಿದೆ. ಸರ್ ಅವರ ಮುಖದಲ್ಲಿ ಕಳೆಯೇ ಇರಲಿಲ್ಲ. “ಹಂಗ ಕೇಳಿದವನನ್ನ ಮೊದ್ಲ ಬಳಗದಿಂದ ತೆಗದು ಒಗೀರಿ ಸರ್” ಎಂದು ರೇಗಿದೆ.

“ಒಬ್ಬನ್ನ ತೆಗದ್ರ ಆ ಕಡಿಯವ್ರೆಲ್ಲಾ ಏಳ್ತಾರ. ಯಾರನ್ನಂತ ತೆಗೀಲವ್ವಾ? ಎಲ್ಲಾರೂ ನಾನೇ ಕರದವ್ರು.”

ಅವರ ಕಂಪ್ಯೂಟರಿನಲ್ಲಿ ಆ ಹುಡುಗಿಗೆ ಬರೆದ ಉತ್ತರ ತೆರೆದಿತ್ತು. ಯಾವ ಕಮಾಂಡ್ ಹೊಡೆಯಬೇಕು, ಎಲ್ಲಿ ಜಾಗ ಬಿಡಬೇಕು, ಹೆದರಬೇಡಿ ಎಂದೆಲ್ಲ ಬಿಡಿಸಿ ಬರೆದಿದ್ದರು. ಕ್ಲಾಸು ಮುಗಿಸಿ ಬಂದು ಬರೆಯುವಷ್ಟರಲ್ಲಿ ಆಕೆ ಬಳಗ ಬಿಟ್ಟಿದ್ದಳು. ಹೆಸರು, ಊರು ಬಿಟ್ಟರೆ ಆಕೆಯ ಫೋನಾಗಲಿ ವಿಳಾಸವಾಗಲಿ ನಮಗೆ ಗೊತ್ತಿರಲಿಲ್ಲ.

ನಾನು ಸರ್ ಅವರನ್ನು ಕಂಡದ್ದು ಅದೇ ಕೊನೆ. ನಾನು ಹೊರಡುವಾಗ ನನ್ನ ಕಡೆ ತಿರುಗಿ ಕೇಳಿದರು:

“ಇದನ್ನ ಈಗ ಯಾರಿಗೆ ಕಳಸ್ಲಿ, ತಂಗಿ?”