ಎರಿಭೂತ ಉಂಡ ಚರಗ

ಕೊಳೆತ ಬೆಳ್ಳುಳ್ಳಿಯ ವಾಸನೆ ಮೂಗಿಗೆ ಬಡಿದರೆ ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ. ರಾಯಚೂರಿನ ಈ ಮನೆಯಲ್ಲಿ ಬುಟ್ಟಿಯ ತಳದಲ್ಲಿ ಒಂದು ಗಡ್ಡೆ ಕೆಟ್ಟರೂ ಸಾಕು, ಎದ್ದು ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಓಣಿಗೆ ತಿರುಗುತ್ತೇನೆ. ಸೊಸೆ "ಏನಾತ್ರಿ ಅತ್ತಿ, ಒಂದ್ಕಡಿ ಕುಂದರ್ರಿ" ಎನ್ನುತ್ತಾಳೆ. ಬುಟ್ಟಿ ಬರಿದು ಮಾಡಿ, ಕೆಟ್ಟದ್ದನ್ನು ದೂರ ಎಸೆದು, ಕೈ ತೊಳೆದು, ಮತ್ತೆ ಮೂಸಿ ನೋಡಿ ಮತ್ತೆ ತೊಳೆಯುತ್ತೇನೆ. ನಾನು ಹುಡುಗಿಯಾಗಿದ್ದಾಗ ಹುಳ ಸಾಯಲೆಂದು ಹತ್ತಿ ಗಿಡಕ್ಕೆ ಹೊಡೆಯುತ್ತಿದ್ದ ಬಿಳಿ ಪುಡಿಗೆ ಇದೇ ವಾಸನೆ ಇತ್ತು. ನೀವೂ ಎಪ್ಪತ್ತರ ದಶಕದಲ್ಲಿ ಕಪ್ಪು ಮಣ್ಣಿನ ಎರಿ ಹೊಲದ ನಡುವೆ ಬೆಳೆದವರಾದರೆ ನಿಮಗೂ ಗೊತ್ತಿರುತ್ತದೆ. ಪುಡಿಯ ಚೀಲ ರಾಯಚೂರಿನಿಂದ ಗಬ್ಬೂರಿಗೆ ಬಸ್ಸಿನ ಮೇಲೆ ಬರುತ್ತಿತ್ತು. ಒಳಗೆ ಇಟ್ಟರೆ ಕಂಡಕ್ಟರ್ ಚೀಲದ ಜೊತೆ ಮನುಷ್ಯನನ್ನೂ ಇಳಿಸುತ್ತಿದ್ದ.

ನಮ್ಮದು ಮಸರಕಲ್ ಕಡೆಯ ಹಳ್ಳಿ. ಮನೆಯಲ್ಲಿ ಅಪ್ಪನ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದೆವು. ಅಪ್ಪ, ಅವ್ವ, ಅಪ್ಪನ ತಮ್ಮ ಕಾಕಾ, ಮತ್ತೆ ನಾನು. ಆಯಿಯ ಮಾತು ಖಾರದ್ದು. ಮನೆಯಲ್ಲಿ ಯಾರೂ ಅವಳ ಮಾತನ್ನು ಹೇಳಿದ ಹಾಗೆ ಕೇಳುತ್ತಿರಲಿಲ್ಲ. ಅಪ್ಪ ಹೂಂ ಎಂದು ತನಗೆ ತಿಳಿದದ್ದನ್ನು ಮಾಡುತ್ತಿದ್ದ, ಕಾಕಾ ಎದುರಾಡಿ ಮಾಡುತ್ತಿದ್ದ, ಅವ್ವ ಅರ್ಧ ಮಾಡಿ ಬಿಡುತ್ತಿದ್ದಳು. ಊರ ಹೊರಗೆ ನಮಗೆ ಒಂದಕ್ಕೊಂದು ಹೊಂದಿಕೊಂಡ ಎರಡು ಹೊಲಗಳಿದ್ದವು. ದಾರಿಗೆ ಹತ್ತಿದ ಕೆಳಗಿನ ಹೊಲದಲ್ಲಿ ಹತ್ತಿ, ಅದರ ಹಿಂದಿನ ಮೇಲಿನ ಹೊಲದಲ್ಲಿ ಬಿಳಿಜೋಳ. ಎರಡರ ನಡುವೆ ದನ ನುಗ್ಗದಂತೆ ಕುಸುಬಿಯ ಸಾಲು. ಕುಸುಬಿ ಬಲಿತರೆ ಮೈಯೆಲ್ಲ ಮುಳ್ಳು. ಸೀರೆ ತಾಗಿದರೆ ಹಿಡಿದು ನಿಲ್ಲಿಸುತ್ತದೆ.

ಆ ಮೇಲಿನ ಹೊಲಕ್ಕೆ ಎರಿಭೂತ ಬರುತ್ತಿತ್ತು. ಹೆಸರು ಕೇಳಿ ಹೆದರಬೇಡಿ, ಅದು ಹಕ್ಕಿ. ನನ್ನ ಎದೆಮಟ್ಟದ ಎತ್ತರ, ಮಣ್ಣಿನ ಬಣ್ಣದ ಬೆನ್ನು, ಬೂದಿಯಂಥ ಉದ್ದನೆ ಕುತ್ತಿಗೆ, ತಲೆಗೆ ಕರಿ ಟೊಪ್ಪಿಗೆ. ಬೆಳಗಿನ ಮಬ್ಬಿನಲ್ಲಿ ಕಪ್ಪು ನೆಲದ ಮೇಲೆ ಅದು ಅಲುಗಾಡದೆ ನಿಂತರೆ ಭೂತ ನಿಂತಂತೆಯೇ ಕಾಣುತ್ತಿತ್ತು. ಹಾರುವುದಕ್ಕಿಂತ ನಡೆಯುವುದೇ ಹೆಚ್ಚು. ಊರಗೌಡನ ಹಾಗೆ ಒಂದೊಂದೇ ಹೆಜ್ಜೆ ಅಳೆದು ಇಡುತ್ತಿತ್ತು. ಆಯಿ ಮದುವೆಯಾಗಿ ಬಂದ ಕಾಲಕ್ಕೆ ಅವು ಹಿಂಡು ಹಿಂಡಾಗಿ ಇಳಿಯುತ್ತಿದ್ದವಂತೆ. ನಾನು ಕಂಡದ್ದು ಒಂದೇ ಹೆಣ್ಣು. ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ. ನರಿ, ನಾಯಿ, ದನದ ಕಾಲು, ಯಾವುದಾದರೂ ಒಂದು ಅದನ್ನು ಮುಗಿಸುತ್ತಿತ್ತು. ನಾನು ಹೇಳುತ್ತಿರುವ ವರ್ಷ ಮಾತ್ರ ಮರಿ ಉಳಿದಿತ್ತು. ತಾಯಿಯ ಹಿಂದೆ ಜೋಳದ ಸಾಲಿನಲ್ಲಿ ಓಡಾಡುತ್ತಾ ಅದರ ಅರ್ಧ ಎತ್ತರಕ್ಕೆ ಬೆಳೆದಿತ್ತು. ಆಯಿ ಅದನ್ನು ನೋಡಲೆಂದೇ ದಿನಾ ಹೊಲಕ್ಕೆ ಹೋಗುತ್ತಿದ್ದಳು, ನಾನೂ ಬೆನ್ನಿಗೆ ಬೀಳುತ್ತಿದ್ದೆ. ಮುದ್ದು ಮಾಡುವ ಜಾತಿಯವಳಲ್ಲ ಅವಳು. ಬದುವಿನ ಮೇಲೆ ಕುಳಿತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಅದಾವ, ಎರಡೂ ಅದಾವ" ಎಂದು ಎದ್ದು ಬಿಡುತ್ತಿದ್ದಳು.

ಪುಡಿ ನಮ್ಮ ಕಡೆ ಹೊಸದಾಗಿ ಬಂದ ಕಾಲ ಅದು. ಗಬ್ಬೂರಿನಲ್ಲಿ ಅಂಗಡಿ ಇಟ್ಟಿದ್ದ ಖಾಸಿಂ ಮಾಮಾ ಅದನ್ನು ತರಿಸಿ, ಸೈಕಲ್ಲಿಗೆ ಕಟ್ಟಿಕೊಂಡು ನಮ್ಮ ಊರಿಗೂ ಮುಟ್ಟಿಸುತ್ತಿದ್ದ. ಕಾಕಾ ಎರಡೂ ಹೊಲಕ್ಕೆ ಹೊಡೆಯೋಣ ಎಂದ ದಿನ ಮನೆಯ ಕಟ್ಟೆಯ ಮೇಲೆ ನಡೆದ ಜಗಳ ನನಗೆ ಇನ್ನೂ ಕೇಳುತ್ತದೆ.

"ಮ್ಯಾಲಿನ ಹೊಲಕ್ಕ ಒಂದು ಚಿಟಿಕಿ ಬೀಳಂಗಿಲ್ಲ" ಎಂದಳು ಆಯಿ.

"ಹುಳ ತಿಂದು ಹೋದ ಮ್ಯಾಲ ರೊಟ್ಟಿ ಯಾತರ್ದು ಬಡೀತಿ ಯವ್ವಾ?"

"ಆ ಹುಳಾನ ಅದು ತಿಂತದಲೇ. ಕೂಲಿ ಕೇಳಿಲ್ಲ, ಚಾ ಕೇಳಿಲ್ಲ. ನಿನಗಿಂತ ಚಲೋ ದುಡೀತದ."

ಖಾಸಿಂ ಮಾಮಾ ಸೈಕಲ್ ಹಿಡಿದು ನಿಂತವನು ನಕ್ಕ. "ಆಯಿ, ನಿನ್ನ ಭೂತಕ್ಕ ಒಂದು ರೇಷನ್ ಕಾರ್ಡ್ ಮಾಡಿಸಿ ಕೊಡ್ಲೇನು?"

"ಮಾಡ್ಸು. ಮನಿ ಯಜಮಾನ ಅಂತ ಅದರ ಹೆಸರಾ ಬರಸು, ಇವರ್ಯಾರೂ ಆ ಕೆಲಸಕ್ಕ ಬರಂಗಿಲ್ಲ" ಎಂದಳು. ಆಮೇಲೆ ನಗು ನಿಲ್ಲಿಸಿ ಕಾಕಾನಿಗೆ ಹೇಳಿದಳು: "ಲೇ ತಮ್ಮಾ, ಜ್ವಾಳ ಹೋದ್ರ ಮುಂದಿನ ವರ್ಷ ಬಿತ್ತಬಹುದು. ಇದೊಂದು ಹೋದ್ರ ಬೀಜಾನ ಇಲ್ಲ."

ಕೊನೆಗೆ ಕುಸುಬಿ ಸಾಲೇ ಗಡಿ ಎಂದಾಯಿತು. ಹತ್ತಿಗೆ ಪುಡಿ, ಜೋಳಕ್ಕೆ ಇಲ್ಲ. ಎದುರಾಡಿದರೂ ಕಾಕಾ ಒಪ್ಪಿದ ಮೇಲೆ ಮೋಸ ಮಾಡಲಿಲ್ಲ. ಇಬ್ಬನಿ ಆರುವ ಮುಂಚೆ, ಗಾಳಿ ಏಳುವ ಮುಂಚೆ ಹೊಲಕ್ಕೆ ಹೋಗುತ್ತಿದ್ದ. ತೆಳು ಬಟ್ಟೆಯ ಚೀಲದಲ್ಲಿ ಪುಡಿ ತುಂಬಿ ಗಿಡದ ಮೇಲೆ ಹಿಡಿದು ಕೋಲಿನಿಂದ ತಟ್ಟುತ್ತಾ ಹೋಗುವುದು, ಕುಸುಬಿ ಇನ್ನೂ ದೂರ ಇರುವಾಗಲೇ ಚೀಲ ಮಡಚಿ ತಿರುಗುವುದು. ಗಡಿಯ ಹತ್ತಿರದ ಹತ್ತಿಯನ್ನು ಹುಳ ತಿನ್ನುತ್ತಿತ್ತು, ತಿನ್ನಲಿ ಎಂದು ಬಿಡುತ್ತಿದ್ದ. ಈಗ ಕಾರಿನಲ್ಲಿ ಬಂದವರು ಹಕ್ಕಿ ಉಳಿಯಬೇಕು, ಹೊಲಕ್ಕೆ ಹುಳದ ಎಣ್ಣೆ ಹೊಡೆಯುವುದು ಕಡಿಮೆ ಮಾಡಿ ಎಂದು ಮೈಕಿನಲ್ಲಿ ಹೇಳುತ್ತಾರೆ. ಸರಿಯಾದ ಮಾತೇ. ನಾವು ಕಡಿಮೆ ಮಾಡಿದ್ದೆವು. ಆದರೂ ಆಗಬಾರದ್ದು ಆಯಿತು.

ಆ ವರ್ಷ ಎಳ್ಳಮಾಸಿ ಹತ್ತಿರ ಬಂದಾಗ ಹತ್ತಿ ಕಾಯಿಗೆ ಹುಳ ಬಿತ್ತು. ಹಬ್ಬದ ಹಿಂದಿನ ದಿನ ಬೆಳಗ್ಗೆ ಕಾಕಾ ಕೆಳಗಿನ ಹೊಲಕ್ಕೆ ಪುಡಿ ಹೊಡೆದು ಬಂದ. ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆ, ನಮ್ಮ ಕಡೆ ಅದು ಮನೆಯಲ್ಲಿ ಒಲೆ ಹಚ್ಚಿ ಅಲ್ಲೇ ಉಣ್ಣುವ ಹಬ್ಬವಲ್ಲ. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು. ಮೊದಲ ತುತ್ತು ಭೂಮಿಗೆ. ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತಾ ಒಬ್ಬರು ಮುಂದೆ ನಡೆದರೆ, ಅದರ ಮೇಲೆ ನೀರು ಚಿಮುಕಿಸುತ್ತಾ ಇನ್ನೊಬ್ಬರು ಹಿಂದೆ. ಅದೇ ಚರಗ. ಹೊಲದ ಒಂದು ಮೂಲೆಯೂ ಬಿಡಬಾರದು, ಬಿಟ್ಟರೆ ಆ ಮೂಲೆಯ ಭೂಮಿ ಹಸಿದಿರುತ್ತದೆ ಎಂಬ ಭಾವನೆ. ಬನ್ನಿಗಿಡದ ಬುಡದಲ್ಲಿ ಪೂಜೆ ಮುಗಿದು, ಅಪ್ಪ ಬುಟ್ಟಿ ಎತ್ತಿಕೊಂಡಾಗ ಕಾಕಾ ಹೇಳಿದ:

"ಕೆಳಗ ಚೆಲ್ಲೂದು ಬ್ಯಾಡ ಯವ್ವಾ. ನಿನ್ನೆ ಪುಡಿ ಹೊಡ್ದೀನಿ, ನೆಲಾ ಎಲ್ಲಾ ಬೆಳ್ಳಗ ಅದ."

"ಹತ್ತಿ ಕೊಡೂ ಭೂಮಿ ನಮ್ದಲ್ಲೇನು? ಮ್ಯಾಲಿಂದು ಉಣಬೇಕು, ಕೆಳಗಿಂದು ಉಪಾಸ ಇರಬೇಕೇನು?"

"ಈ ವರ್ಷ ಒಂದು ಬಿಡು."

"ನಿಮ್ಮಪ್ಪನ ಕಾಲಕ್ಕ ಬಿಟ್ಟಿಲ್ಲ. ನಾ ಇರೂತನಕ ಬಿಡಂಗಿಲ್ಲ."

ಅಪ್ಪ ಎಂದಿನಂತೆ ಹೂಂ ಎಂದ, ಆದರೆ ಆ ದಿನ ಅವಳು ಹೇಳಿದ್ದನ್ನೇ ಮಾಡಿದ. ಎರಡೂ ಹೊಲದಲ್ಲಿ ಚರಗ ಬಿತ್ತು. ನೀರು ಚಿಮುಕಿಸುತ್ತಾ ಹಿಂದೆ ಹೋದವಳು ಆಯಿಯೇ. ಹತ್ತಿ ಸಾಲಿನಲ್ಲಿ ಬಿಳಿ ಪುಡಿಯ ಮೇಲೆ ಕಡುಬಿನ ಚೂರು, ರೊಟ್ಟಿಯ ಚೂರು ಬಿದ್ದು ಅಂಟಿಕೊಂಡಿದ್ದನ್ನು ನಾನು ನೋಡಿದೆ. ನಾವು ಉಂಡು, ಖಾಸಿಂ ಮಾಮಾನನ್ನೂ ಕೂಗಿ ಉಣ್ಣಿಸಿ ಮನೆಗೆ ಬಂದೆವು.

ಮರುದಿನ ಬೆಳಗ್ಗೆ ಆಯಿ ಬದುವಿನ ಮೇಲೆ ಕುಳಿತು ಮೇಲಿನ ಹೊಲ ನೋಡಿದಳು. ಜೋಳದ ಅಂಚಿನಲ್ಲಿ ಮರಿ ಒಂದೇ ನಿಂತಿತ್ತು. ಆಯಿ "ಅದಾವ" ಎನ್ನಲಿಲ್ಲ. ಎದ್ದು, ಕುಸುಬಿಯ ಮುಳ್ಳಿಗೆ ಸೀರೆ ಹರಿದರೂ ನಿಲ್ಲದೆ ಕೆಳಗಿನ ಹೊಲಕ್ಕೆ ದಾಟಿದಳು. ಎಂದೂ ಗಡಿ ದಾಟದ ತಾಯಿ ಹಕ್ಕಿ ಹತ್ತಿ ಸಾಲಿನಲ್ಲಿ ಬಿದ್ದಿತ್ತು. ಚರಗದ ಅಡುಗೆ, ಅದಕ್ಕೆ ಮುತ್ತಿದ ಹುಳ ಹುಪ್ಪಡಿ, ಎರಡೂ ಸುಲಭಕ್ಕೆ ಸಿಗುವಲ್ಲಿ ಹಸಿದ ಜೀವ ಬಾರದೆ ಇರುತ್ತದೆಯೇ. ರೆಕ್ಕೆ ಅಗಲಿಸಿ, ಕಾಲು ಬಡಿಯುತ್ತಿತ್ತು. ಆಯಿ ಚೆಂಬಿನ ನೀರನ್ನು ಕೊಕ್ಕಿಗೆ ಬಿಟ್ಟಳು, ಅದು ಹೊರಗೆ ಹರಿಯಿತು. ಸ್ವಲ್ಪ ಹೊತ್ತಿಗೆ ಕಾಲು ನಿಂತವು. ಸುತ್ತ ಗುಬ್ಬಿಗಳೂ ಬಿದ್ದಿದ್ದವು, ಅವುಗಳನ್ನು ನಾನು ಆಮೇಲೆ ನೋಡಿದೆ. ಅಪ್ಪ ಮತ್ತು ಕಾಕಾ ಬಂದು ಬದುವಿನಲ್ಲಿ ಗುಂಡಿ ತೋಡಿ ಮಣ್ಣು ಮಾಡಿದರು. ನಾ ಮೊದಲೇ ಹೇಳಿದ್ದೆ ಎಂದು ಕಾಕಾ ಒಂದು ಮಾತು ಆಡಿಬಿಟ್ಟಿದ್ದರೆ ಚೆನ್ನಾಗಿತ್ತು, ಅವಳು ತಿರುಗಿ ಬೈದು ಹಗುರಾಗುತ್ತಿದ್ದಳು. ಅವನು ಗುಂಡಿಯ ಮಣ್ಣು ತುಳಿದು ಗಟ್ಟಿ ಮಾಡುತ್ತಿದ್ದ.

ಮರಿ ಉಳಿದಿತ್ತು. ಅದು ಕುಸುಬಿ ಸಾಲಿನ ಉದ್ದಕ್ಕೂ ಈ ತುದಿಯಿಂದ ಆ ತುದಿಗೆ ನಡೆಯುತ್ತಾ, ಸಂದಿ ಹುಡುಕುತ್ತಾ, ಕೆಳಗಿನ ಹೊಲದತ್ತ ಕುತ್ತಿಗೆ ಚಾಚುತ್ತಿತ್ತು. ಆ ಕಾಲದಲ್ಲಿ ಮಳೆ ಬರುವುದಿಲ್ಲ, ಪುಡಿ ತೊಳೆದು ಹೋಗುವುದಿಲ್ಲ. ಇಂದಲ್ಲ ನಾಳೆ ಅದು ದಾಟುತ್ತಿತ್ತು. ಆಯಿ ಊಟ ಬಿಟ್ಟು ಅಲ್ಲೇ ಕಾದು ಕುಳಿತಳು. ನಾವು ಕರೆದರೆ ಬರಲಿಲ್ಲ. ಬಿಸಿಲು ನೆತ್ತಿಗೆ ಬಂದಾಗ ನಾನು ಒಯ್ದ ರೊಟ್ಟಿಯನ್ನು ಸೆರಗಿಗೆ ಸುರಿದುಕೊಂಡು, ಖಾಲಿ ಹಿತ್ತಾಳೆ ತಾಟು ಹಿಡಿದು ಎದ್ದಳು. "ಓಡ್ಸಬೇಕು" ಎಂದಳು.

"ಎಲ್ಲಿಗೆ ಓಡಸ್ತಿ? ಆಚಿ ಹುಲ್ಲುಬಯಲಾಗ ಬೇಟಿ ಆಡೂ ಮಂದಿ ಅದಾರ" ಎಂದ ಕಾಕಾ.

"ಇಲ್ಲಿ ನಾವು ಅದೀವಿ" ಎಂದಳು ಆಯಿ.

ವರ್ಷವಿಡೀ ಆ ಹೊಲದಲ್ಲಿ ನಮ್ಮನ್ನು ಕೆಮ್ಮಲೂ ಬಿಡದಿದ್ದವಳು ತಾಟನ್ನು ಕಲ್ಲಿನಿಂದ ಬಡಿಯುತ್ತಾ ಜೋಳದೊಳಗೆ ನುಗ್ಗಿದಳು. ಮರಿ ಬೆಚ್ಚಿ ಓಡಿತು, ನಿಂತಿತು, ತಿರುಗಿ ನೋಡಿತು. ಅದಕ್ಕೆ ಅವಳ ಪರಿಚಯ ಇತ್ತಲ್ಲ. ಅವಳು ಇನ್ನೂ ಜೋರಾಗಿ ಬಡಿದಳು. "ನಡಿ, ನಡಿ ಅತ್ತಾಗ. ಮತ್ತ ಈ ಹೊಲದಾಗ ಕಾಲು ಇಡಬ್ಯಾಡ" ಎನ್ನುತ್ತಾ ಹೊಲದ ಕೊನೆಯವರೆಗೂ ಅಟ್ಟಿದಳು. ಅಲ್ಲಿ ಅದು ರೆಕ್ಕೆ ಬಿಚ್ಚಿತು. ಭಾರವಾಗಿ, ನೆಲಕ್ಕೆ ತಾಗುವಂತೆ ಹಾರಿ, ಹುಲ್ಲುಬಯಲಿನ ಮೇಲೆ ಹೋಗಿ ಮಣ್ಣಿನ ಬಣ್ಣದಲ್ಲಿ ಸೇರಿಹೋಯಿತು. ಕಾಕಾ ಬಂದು ಅವಳ ಕೈಯಿಂದ ತಾಟು ಬಿಡಿಸಿಕೊಂಡ.

ಮಾನ್ವಿ ಕಡೆ, ಕುರ್ಡಿಗೆ ನಾನು ಮದುವೆಯಾಗಿ ಹೋಗುವವರೆಗೂ ಆ ಹೊಲಕ್ಕೆ ಎರಿಭೂತ ಮತ್ತೆ ಬರಲಿಲ್ಲ. ಅಲ್ಲಿಯೂ ಕಾಣಲಿಲ್ಲ, ಎಲ್ಲಿಯೂ ಕಾಣಲಿಲ್ಲ. ಆಯಿ ಸಾಯುವ ತನಕ ಬದುವಿನ ಮೇಲೆ ಹೋಗಿ ಕೂರುತ್ತಿದ್ದಳು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಏನೂ ಹೇಳದೆ ಎದ್ದು ಬರುತ್ತಿದ್ದಳು. ಚರಗದ ದಿನ ಅಪ್ಪ ಕೇಳಿದ್ದು ಬಿಟ್ಟರೆ, ಅವಳ ಮಾತನ್ನು ಹೇಳಿದ ಹಾಗೆ ಕೇಳಿದ್ದು ಆ ಮರಿ ಒಂದೇ.