ಕಲ್ಲೆಲುಬಿನ ದುರ್ಗಪ್ಪನ ಹೆಂಡತಿ

ನಮ್ಮ ಸೀಮೆಯ ಹೆಂಗಸರೆಲ್ಲ ದೇವರ ಮುಂದೆ ಮುತ್ತೈದೆತನ ಬೇಡುತ್ತಿದ್ದರೆ, ದೊಡವಾಡದ ಶೆಟ್ಟೆವ್ವ ಒಬ್ಬಳೇ ವೈಧವ್ಯ ಬೇಡುತ್ತಿದ್ದಳು. ದೇವರು ಅದನ್ನೂ ಸುಲಭವಾಗಿ ಕೊಡುವವನಲ್ಲ.

ಅವಳ ಗಂಡ ದುರ್ಗಪ್ಪ ಗರಸು ಅಗೆಯುವ ಕೂಲಿಯವನು. ರಸ್ತೆಗೆ ಹಾಸುವ ಆ ಹರಳುಮಣ್ಣು ಶಂಕರೆಪ್ಪನೆಂಬ ಜಮೀನುದಾರನ ಹೊಲದಂಚಿಗೆ, ಹಳ್ಳದ ದಂಡೆಯಲ್ಲಿ ಬೇಕಾದಷ್ಟಿತ್ತು. ಹರೆಯದಲ್ಲಿ ಚಕ್ಕಡಿಯಿಂದ ಬಿದ್ದು ದುರ್ಗಪ್ಪನ ತೊಡೆ ಮುರಿದಿತ್ತು. ಎಲುಬು ಕೂಡಿಸುವ ಗಂಗಯ್ಯ ಬಿದಿರಿನ ದಬ್ಬೆ ಕಟ್ಟಿ ಕೂಡಿಸಿದ. ಕೂಡಿದಲ್ಲಿ ಒಂದು ಗಂಟು ಉಳಿಯಿತು, ಮುಟ್ಟಿದರೆ ಕೈಗೆ ಸಿಗುವಂಥದು. ಆದರೂ ಬೇಗನೆ ಎದ್ದು ಗುದ್ದಲಿ ಹಿಡಿದವನನ್ನು ಕಂಡು ಗಂಗಯ್ಯನೇ, "ಇಂವಂದು ಎಲಬಲ್ಲೋ, ಕಲ್ಲು" ಅಂದನಂತೆ. ಅಂದಿನಿಂದ ಊರಿಗೆಲ್ಲ ಅವನು ಕಲ್ಲೆಲುಬಿನ ದುರ್ಗಪ್ಪ.

ನಲವತ್ತೆಂಟನೆಯ ಇಸವಿಯ ಮಳೆಗಾಲದಲ್ಲಿ ಆ ದಂಡೆ ಕುಸಿಯಿತು. ಮುಂಜಾನೆ ಬುಟ್ಟಿ ಹಿಡಿದು ಹೋದ ದುರ್ಗಪ್ಪ ಮನೆಗೆ ಬರಲಿಲ್ಲ. ಶೆಟ್ಟೆವ್ವ ಅಳುತ್ತ ಓಡಿದರೆ ಶಂಕರೆಪ್ಪ ಕಟ್ಟೆಯ ಮೇಲೆ ಎಲೆ ಹಾಕುತ್ತ ಕುಳಿತಿದ್ದ. "ನಿನ್ನ ಗಂಡ ಇವತ್ತ ಕೆಲಸಕ್ಕs ಬಂದಿಲ್ಲ. ಸೋಲಾಪುರದ ಗಿರಣಿಗೆ ಹೋಗತೇನಿ ಅಂತಿದ್ದ. ಅಲ್ಲೊಬ್ಬಾಕಿ ಅದಾಳಂತ ಅವಗ" ಅಂದ. ಸುಳ್ಳು ಎಷ್ಟು ಚೊಕ್ಕಟವಾಗಿತ್ತೆಂದರೆ ಕೇಳಿದವರಿಗೆ ಸೋಲಾಪುರದ ಆ ಹೆಂಗಸಿನ ಸೀರೆಯ ಬಣ್ಣವೂ ಕಾಣತೊಡಗಿತು. ಕುಸಿದ ಮಣ್ಣನ್ನು ಸರಿಸಲು ಯಾರೂ ಹೋಗಲಿಲ್ಲ. ಓಡಿಹೋದವನನ್ನು ಮಣ್ಣಿನಲ್ಲಿ ಯಾಕೆ ಹುಡುಕಬೇಕು?

ಆಮೇಲೆ ಶೆಟ್ಟೆವ್ವ ಸತ್ತವನ ಹೆಂಡತಿಯಲ್ಲ, ಬಿಟ್ಟುಹೋದವನ ಹೆಂಡತಿ. ನೀರಿಗೆ ಹೋದರೆ "ಸೋಲಾಪುರದ ಸುದ್ದಿ ಏನಬೇ?" ಎಂದು ನಗುವವರು. ಕೈಯಲ್ಲಿ ಹಸಿರು ಬಳೆ, ಹಣೆಯಲ್ಲಿ ಕುಂಕುಮ, ಎರಡೂ ಅವಳನ್ನು ಸುಡುತ್ತಿದ್ದವು. ಅವಳಿಗೆ ಬೇಕಾದದ್ದು ಒಂದೇ: ನನ್ನ ಗಂಡ ನನ್ನ ಬಿಟ್ಟು ಹೋಗಲಿಲ್ಲ, ಸತ್ತ ಎಂದು ಊರು ಒಪ್ಪಬೇಕು.

ಪ್ರತಿ ಬೇಸಿಗೆ ಅವಳು ಆ ದಂಡೆಯನ್ನು ಅಗೆದಳು. ಶಂಕರೆಪ್ಪ ಬೇಡವೆನ್ನಲಿಲ್ಲ. ಹೆಂಗಸು ಅಗೆದು ಗುಡ್ಡೆ ಹಾಕಿದ ಗರಸನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹೋಗಿ ಮಾರಿಕೊಂಡ. ಇಂಥವರಿಗೆ ನಾಚಿಕೆ ಎಂಬುದು ಮಾರುವ ಮಾಲಾಗಿದ್ದರೆ ಅದನ್ನೂ ಮಾರುತ್ತಿದ್ದರು.

ಐವತ್ನಾಲ್ಕರ ಬೇಸಿಗೆಯಲ್ಲಿ ಒಂದು ಎಲುಬಿನ ತುಂಡು ಸಿಕ್ಕಿತು. ಗೇಣುದ್ದ, ಒಂದು ಮಗ್ಗುಲು ಒಡೆದದ್ದು, ನಡುವೆ ಒಂದು ಗಂಟು. ಕೈಯಲ್ಲಿ ಹಿಡಿದರೆ ಕಲ್ಲು. ಬೇರೆ ಯಾರಾದರೂ ಆ ಭಾರಕ್ಕೇ ಅನುಮಾನಪಡುತ್ತಿದ್ದರು. ಶೆಟ್ಟೆವ್ವನಿಗೆ ಆ ಭಾರವೇ ಗುರುತಾಯಿತು. ಕಲ್ಲೆಲುಬಿನವನ ಎಲುಬು ಕಲ್ಲಾಗಿರದೆ ಬೆಂಡಾಗಿರುತ್ತದೆಯೇ?

ಕೇರಿಯ ಹಿರಿಯ ಬಸವಣ್ಣೆಪ್ಪ ಅದನ್ನು ತಿರುಗಿಸಿ ನೋಡಿ, "ತಂಗಿ, ಇದನ್ನ ಓದಿದ ಶಾಣ್ಯಾರಿಗೆ ತೋರಸು. ಮನಶ್ಯಾರದು ಅಂತ ಅವರು ಅಂದ್ರ ಸಾಕು, ಬಳಿ ಒಡಸತೇವಿ, ದುರ್ಗಪ್ಪಗ ಮಣ್ಣ ಕೊಡತೇವಿ" ಅಂದ.

ಶಾಣ್ಯಾರು ಎಂದರೆ ಬೈಲಹೊಂಗಲದಲ್ಲಿ ನಮ್ಮ ಪಕ್ಕದ ಮನೆಯ ತ್ರ್ಯಂಬಕ ಮಾಸ್ತರರು. ಸಾಲೆಯಲ್ಲಿ ವಿಜ್ಞಾನ ಕಲಿಸುವವರು, ಸುಳ್ಳಾಡಿ ಗೊತ್ತಿಲ್ಲದ ಮನುಷ್ಯ. ಶೆಟ್ಟೆವ್ವ ಅಂಗಳದಲ್ಲೇ ನಿಂತು ಎಲುಬನ್ನು ಮೆಟ್ಟಿಲ ಮೇಲೆ ಇಟ್ಟಳು. ಮಾಸ್ತರರು ಎತ್ತಿ, ಬಿಸಿಲಿಗೆ ಹಿಡಿದು, ಒಡೆದ ಮಗ್ಗುಲನ್ನು ನಾಲಿಗೆಗೆ ತಾಗಿಸಿದರು. ಅವರ ಹೆಂಡತಿ ಇಂದಿರಾಬಾಯಿ ಬಾಗಿಲಲ್ಲೇ ಹಣೆ ಹಣೆ ಬಡಿದುಕೊಂಡರು. ಶೆಟ್ಟೆವ್ವನಂತೂ ಕೈಮುಗಿದು, "ಬ್ಯಾಡ್ರಿ ಮಾಸ್ತರ, ಅದು ನನ್ನ ಗಂಡನ ಎಲಬೈತ್ರಿ" ಅಂದಳು.

"ನಾಲಿಗಿಗೆ ಅಂಟತದ. ಬರೇ ಕಲ್ಲಲ್ಲ, ಕಲ್ಲಾದ ಎಲುಬು" ಅಂದರು ಮಾಸ್ತರರು, ಯಾರ ಮಾತೂ ಕಿವಿಗೆ ಬೀಳದವರಂತೆ. ಒಳಗಿಂದ ದಪ್ಪ ಪುಸ್ತಕ ತಂದು ಚಿತ್ರ ತೆಗೆದರು. "ನೋಡು, ಈ ಗಂಟು ಮುರಿದು ಕೂಡಿದ್ದಲ್ಲ. ಹುಟ್ಟಿನಿಂದs ಇರೂದು. ಘೇಂಡಾಮೃಗದ ತೊಡಿ ಎಲುಬಿಗೆ ಹಿಂಗ ಇರತದ. ಲಕ್ಷಗಟ್ಟಲೆ ವರ್ಷದ ಹಿಂದಿಂದು, ಮಣ್ಣಾಗ ಇದ್ದು ಇದ್ದು ಕಲ್ಲಾಗೇದ. ನಮ್ಮ ಭಾಗದಾಗ ಘೇಂಡಾಮೃಗ ಇತ್ತು ಅಂದ್ರ ಏನು ಸಣ್ಣ ಮಾತೇನು?" ಅವರ ಮುಖ ಹಬ್ಬದಂತಾಗಿತ್ತು. ನಾನು ಗೋಡೆಯಾಚೆಯಿಂದ ನೋಡುತ್ತಿದ್ದೆ. ನನಗೆ ಮೈಯೆಲ್ಲ ಉರಿಯಿತು.

ಇಂದಿರಾಬಾಯಿ ಮೆಲ್ಲಗೆ, "ಮನುಷ್ಯಾಂದು ಅಂದ್ರ ನಿಮ್ಮ ಗಂಟೇನು ಹೋಗತದ್ರಿ? ಪಾಪ, ಅಂದುಬಿಡ್ರಿ" ಅಂದರು.

"ಇಲ್ಲದ್ದು ಹೆಂಗ ಅನ್ನಲಿ?" ಅಂದರು ಮಾಸ್ತರರು.

ಶೆಟ್ಟೆವ್ವ ಪುಸ್ತಕದ ಚಿತ್ರವನ್ನು ಬಗ್ಗಿ ನೋಡಿದಳು. ಆಮೇಲೆ, "ಈ ಪ್ರಾಣಿ ಹೆಂಗ ಸತ್ತಿತ್ರಿ?" ಎಂದು ಕೇಳಿದಳು.

"ನೀರಿಗೆ ಬಂದಾಗ ದಂಡಿ ಕುಸಿದು, ಕೆಸರಿನ ಹುದಲಾಗ ಸಿಕ್ಕೊಂಡು ಸತ್ತಿರಬೇಕು."

"ಲಕ್ಷ ವರ್ಷದ ಹಿಂದ ಒಂದು ಪ್ರಾಣಿ ಮಣ್ಣಾಗ ಸಿಕ್ಕೊಂಡು ಸತ್ತಿದ್ದು ನಿಮಗ ಗೊತ್ತಾಗತೈತಿ. ಆರು ವರ್ಷದ ಹಿಂದ ಅಲ್ಲೇ ಸತ್ತ ನನ್ನ ಗಂಡಂದು ಯಾರಿಗೂ ಗೊತ್ತಾಗೂದಿಲ್ಲೇನ್ರಿ ಮಾಸ್ತರ?"

ಮಾಸ್ತರರ ಮುಖದ ಹಬ್ಬ ಇಳಿಯಿತು. ಶೆಟ್ಟೆವ್ವ ಎಲುಬನ್ನು ಮೆಟ್ಟಿಲ ಮೇಲೆಯೇ ಬಿಟ್ಟು ಹೋದಳು.

ಸುದ್ದಿ ಅವಳಿಗಿಂತ ಮೊದಲೇ ದೊಡವಾಡ ಮುಟ್ಟಿತ್ತು. ಶಂಕರೆಪ್ಪ ಅದನ್ನು ತನಗೆ ಬೇಕಾದಂತೆ ತಿರುವಿದ: "ಆ ದಂಡ್ಯಾಗ ಮನಶ್ಯಾರ ಎಲಬ ಇಲ್ಲ ಅಂತ ಬೈಲಹೊಂಗಲದ ಮಾಸ್ತರs ಹೇಳ್ಯಾರ." ಮಾಸ್ತರರು ಹೇಳಿದ್ದು ಒಂದು ತುಂಡಿನ ಮಾತು. ಊರು ಕೇಳಿಸಿಕೊಂಡದ್ದು ಇಡೀ ದಂಡೆಯ ಮಾತು. ಬಸವಣ್ಣೆಪ್ಪನೂ ತಲೆ ತಗ್ಗಿಸಿ, "ಇನ್ನೇನ ಮಾಡೂಣ ತಂಗಿ" ಅಂದ. ಬಳೆ ಕೈಯಲ್ಲೇ ಉಳಿಯಿತು.

ಅವಳು ಅಗೆಯುವುದನ್ನು ಬಿಡಲಿಲ್ಲ. ಒಬ್ಬಳೇ, ಒಳಗೆ ಒಳಗೆ ಅಗೆದಳು. ಐವತ್ತೇಳರಲ್ಲಿ ಮಳೆಗಾಲ ಶುರುವಾದ ಮೇಲೂ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ದಂಡೆ ಮತ್ತೆ ಕುಸಿಯಿತು. ಈ ಸಲ ಯಾರೂ ಸೋಲಾಪುರ ಅನ್ನಲಿಲ್ಲ, ಏಕೆಂದರೆ ಸೀರೆಯ ಸೆರಗು ಮಣ್ಣಿನ ಹೊರಗೆ ಉಳಿದಿತ್ತು.

ಸುದ್ದಿ ಕೇಳಿ ಮಾಸ್ತರರು ಮುಂದಿನ ಬಸ್ಸಿಗೇ ಹೊರಟರು, ಜೊತೆಗೆ ನಾನೂ ಹೋದೆ. ನಾವು ಮುಟ್ಟುವಷ್ಟರಲ್ಲಿ ಹೆಣವನ್ನು ತೆಗೆದು ದಂಡೆಗೆ ಮಲಗಿಸಿದ್ದರು. ಕೈಯಲ್ಲಿ ಬಳೆ ಒಂದೂ ಒಡೆದಿರಲಿಲ್ಲ. ಮುತ್ತೈದೆ ಸಾವು ಎಂದು ಹೆಂಗಸರು ಅವಳಿಗೆ ಕುಂಕುಮ ಹಚ್ಚಿ, ಉಡಿ ತುಂಬಿದರು. ನೋಡಲಾರದೆ ನಾನು ಆ ಕಡೆ ತಿರುಗಿದೆ.

ಗಂಡಸರು ಸಲಿಕೆ ತೊಳೆಯುತ್ತಿದ್ದರು. ಮಾಸ್ತರರು ಕುಸಿದ ಮಣ್ಣಿನ ಕಡೆ ಕೈ ತೋರಿಸಿ, "ಇನ್ನೂ ಒಂದಿಷ್ಟು ತಗೀರಿ. ಆಕಿ ಗಂಡನೂ ಇಲ್ಲೇ ಇರಬೇಕು" ಅಂದರು.

ಎಲ್ಲರೂ ಶಂಕರೆಪ್ಪನ ಮುಖ ನೋಡಿದರು. ಅವನು ಬಹಳ ಮರ್ಯಾದೆಯಿಂದ, "ಯಾಕ್ರಿ ಮಾಸ್ತರ, ಇಲ್ಲಿ ಮನಶ್ಯಾರದು ಇಲ್ಲ ಅಂತ ನೀವs ಹೇಳಿದ್ರೆಲ್ಲ?" ಅಂದ.

ಜನ ಸಲಿಕೆ ಹೆಗಲಿಗೇರಿಸಿ ಹೆಣದ ಹಿಂದೆ ನಡೆದರು. ಊರಿನ ಪಾಲಿಗೆ ದುರ್ಗಪ್ಪ ಇವತ್ತಿಗೂ ಸೋಲಾಪುರದಲ್ಲೇ ಇದ್ದಾನೆ.